ಮಿಸ್ ತೋಡಿದ ಗುಂಡಿ

ಕುರಾಬಿನ್ ಸರ್ಕಾರಿ ಶಾಲೆಯ ಚರಿತ್ರೆಯನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯವೂ ಬಿದ್ದಿರಲಿಲ್ಲ. ಅದು ಬೇಲಿಯುದ್ದಕ್ಕೂ ಸಾಲಾಗಿ ಬೆಳೆದು ನಿಂತಿತ್ತು. ಈ ಶಾಲೆ ಬಿಟ್ಟು ಹೋಗುವ ಮೇಷ್ಟ್ರು ಹೋಗುವ ದಿನ ಒಂದು ಗಿಡ ನೆಟ್ಟು ಹೋಗಬೇಕು ಎನ್ನುವುದು ಮೊದಲ ಮೇಷ್ಟ್ರು ಹೆಸ್ಕೆತ್ ಹಾಕಿಕೊಟ್ಟ ಪದ್ಧತಿ. ಅವರು ನೆಟ್ಟದ್ದು ಆಲದ ಜಾತಿಯ ಗಿಡ. ಪುಣ್ಯಾತ್ಮರು ನೆಟ್ಟು ಕೈತೊಳೆದುಕೊಂಡು ಹೋದರು. ಅದು ಬೆಳೆದು ನೀರಿನ ತೊಟ್ಟಿಯನ್ನು ಸೀಳಿತು, ಹುಡುಗರ ಕಕ್ಕಸನ್ನು ಎತ್ತಿ ಒಂದು ಕಡೆಗೆ ವಾಲಿಸಿತು, ಈಗ ಶಾಲೆಯ ಮೆಟ್ಟಿಲ ಮೇಲೆ ಕಣ್ಣು ಹಾಕಿತ್ತು. ಪಕ್ಕದ ಸಿಲ್ವರ್ ಓಕ್ ಮೊದಲ ಮಹಾಯುದ್ಧಕ್ಕೆ ಹೋದ ಮೇಷ್ಟ್ರದು. ಅವರು ವಾಪಸ್ ಬರಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ, ಮಕ್ಕಳು ಅದರ ಬುಡದಲ್ಲಿ ಹೂವಿಟ್ಟು ತಲೆ ಬಗ್ಗಿಸಿ ನಿಲ್ಲುತ್ತಿದ್ದರು. ನಿಂಬೆ ಗಿಡ ಪೆವರಿಲ್ ಮಿಸ್ಸಿನದು. ಕಣಿವೆಯ ಅರ್ಧಕ್ಕರ್ಧ ಗಂಡುಗಳು ಆಕೆಯ ಮೇಲೆ ಆಸೆ ಇಟ್ಟುಕೊಂಡಿದ್ದಾಗ ಆಕೆ ಪಿಯಾನೋ ಮಾರಲು ಬಂದ ಪರವೂರಿನವನನ್ನು ಕಟ್ಟಿಕೊಂಡು ಹೋದಳು. ಊರಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ, ಆದರೆ ನಿಂಬೆಹಣ್ಣನ್ನು ಮಾತ್ರ ಯಾರೂ ಬಿಡುತ್ತಿರಲಿಲ್ಲ. ತುದಿಯ ಜಕರಾಂಡ ಕಾರ್ಮಡಿ ಮೇಷ್ಟ್ರದು. ಅವರಿಗೆ ಭಾಗಾಕಾರ ಬರುತ್ತಿರಲಿಲ್ಲ, ಆದರೆ ಬೌಲಿಂಗ್ ಬರುತ್ತಿತ್ತು. ಅವರಿದ್ದಷ್ಟು ಕಾಲ ಕುರಾಬಿನ್ ತಂಡ ಸೋತದ್ದಿಲ್ಲವಾದ್ದರಿಂದ ಭಾಗಾಕಾರದ ಬಗ್ಗೆ ಯಾರೂ ದೂರು ಕೊಡಲಿಲ್ಲ.

ಸಿಲ್ವರ್ ಓಕಿಗೂ ನಿಂಬೆಗೂ ನಡುವೆ ಒಂದು ಮರದಷ್ಟು ಜಾಗ ಖಾಲಿ ಇತ್ತು. ಕೇಳಿದರೆ, ಅಲ್ಲೊಂದು ಗಿಡ ಇತ್ತಂತೆ, ಬರಗಾಲದಲ್ಲಿ ಒಣಗಿತಂತೆ ಎನ್ನುತ್ತಿದ್ದರು.

ಈಗಿನ ಮೇಡಂ ಆಲ್ಮಾ ಟ್ರಿಲೋರ್‌ಳ ಮರ ಆ ಸಾಲಿನಲ್ಲಿ ಇರಲಿಲ್ಲ. ಯಾಕೆಂದರೆ ಅವಳು ಹೋಗಿರಲೇ ಇಲ್ಲ. ಒಂದು ವರ್ಷದ ಮಟ್ಟಿಗೆ ಎಂದು ಇಲಾಖೆ ಕಳಿಸಿತ್ತು. ಬಂದಾಗ ಕೆಂಪಗಿದ್ದ ಕೂದಲು ಇಲ್ಲೇ ಬೆಳ್ಳಗಾಯಿತು. ಮೊದಲು ಪಾಠ ಹೇಳಿಸಿಕೊಂಡವರ ಮಕ್ಕಳು ಈಗ ಅದೇ ಬೆಂಚುಗಳ ಮೇಲೆ ಕೂತಿದ್ದರು. ಹಾಲು ಕರೆಯುವ ಊರು ಅದು. ಮಕ್ಕಳು ಬೆಳಕು ಹರಿಯುವ ಮುಂಚೆ ಎದ್ದು ಹಸುಗಳ ಕೆಲಸ ಮುಗಿಸಿ ಶಾಲೆಗೆ ಬರುತ್ತಿದ್ದರು. ಹೊತ್ತೇರುತ್ತಿದ್ದಂತೆ ಒಬ್ಬೊಬ್ಬರೇ ಮೇಜಿಗೆ ತಲೆಯಿಟ್ಟು ಮಲಗುತ್ತಿದ್ದರು. ಆಲ್ಮಾ ಬೈಯುತ್ತಿರಲಿಲ್ಲ. ಮಲಗಿದವರ ಮೇಲೆ ಅವರವರ ಕೋಟು ಹೊದಿಸಿ, ಎದ್ದಿರುವವರಿಗೆ ದನಿ ತಗ್ಗಿಸಿ ಪಾಠ ಮುಂದುವರಿಸುತ್ತಿದ್ದಳು. ಅವಳಿಗೆ ಬೇರೆ ಮನೆಯಿರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲ.

ಪ್ರತಿ ವರ್ಷ ಕ್ರಿಸ್‌ಮಸ್ ರಜೆಗೆ ಶಾಲೆ ಮುಚ್ಚುವ ದಿನ ಶಾಲಾ ಸಮಿತಿಯ ಅಧ್ಯಕ್ಷ ಕ್ಲಾರಿ ಡೆವ್ಲಿನ್ ಬೇಲಿಗೆ ಮೊಣಕೈ ಊರಿ ಒಂದೇ ಮಾತು ಕೇಳುತ್ತಿದ್ದ.

"ಏನ್ ಮಿಸ್, ಈ ವರ್ಷ ಗುದ್ದಲಿ ತರ್ಲಾ?"

"ನೆಲ ಇನ್ನೂ ಗಟ್ಟಿ ಇದೆ ಕಣ್ರೀ," ಎಂದು ಅವಳು ಒಂದೇ ಉತ್ತರ ಕೊಡುತ್ತಿದ್ದಳು. ಊರಿಗೆಲ್ಲ ಆ ಜೋಕು ಬಾಯಿಪಾಠ. ಅದನ್ನು ಕೇಳದೆ ಹೋದರೆ ರಜೆ ಶುರುವಾದ ಹಾಗೇ ಆಗುತ್ತಿರಲಿಲ್ಲ.

ಪೌಂಡು ಶಿಲ್ಲಿಂಗು ಹೋಗಿ ಡಾಲರಿನ ಹೊಸ ನಾಣ್ಯ ಚಲಾವಣೆಗೆ ಬಂದ ಮರುವರ್ಷ, ಸೆಪ್ಟೆಂಬರಿನ ವಸಂತದಲ್ಲಿ, ಇನ್‌ಸ್ಪೆಕ್ಟರು ಬಂದರು. ಒಳ್ಳೆಯ ಮನುಷ್ಯ. ಟೀ ಕುಡಿದರು, ಮಕ್ಕಳ ಕೈಬರಹ ಹೊಗಳಿದರು, ಎರಡನೇ ಕಪ್ ಟೀ ಕುಡಿಯುತ್ತ ಬಂದ ವಿಷಯ ಹೇಳಿದರು. ಇರುವುದು ಒಂಬತ್ತು ಮಕ್ಕಳು. ವರ್ಷದ ಕೊನೆಗೆ ಹೂಲಿಹನ್ ಅವಳಿ ಹುಡುಗರು ಪಟ್ಟಣದ ಹೈಸ್ಕೂಲಿಗೆ ಹೋಗುತ್ತಾರೆ. ಉಳಿದವರನ್ನು ನಂಬಿಕೊಂಡು ಇಲಾಖೆ ಶಾಲೆ ನಡೆಸುವುದಿಲ್ಲ. ರಜೆಯ ಒಳಗೆ ಮೂರು ನಾಲ್ಕು ಹೊಸ ಮಕ್ಕಳಾದರೂ ಸೇರದಿದ್ದರೆ ಬಾಗಿಲಿಗೆ ಬೀಗ, ಮಕ್ಕಳಿಗೆ ಪಟ್ಟಣದ ಬಸ್ಸು, ಮಿಸ್ ಟ್ರಿಲೋರ್‌ಗೆ ಬೇರೆ ಕಡೆ ವರ್ಗ. ಹೇಳುವಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು. ಆಲ್ಮಾ ಕಪ್ಪುಗಳನ್ನು ತೊಳೆಯಲು ಒಳಗೆ ಹೋದಳು, ತೊಳೆದ ಕಪ್ಪುಗಳನ್ನೇ ಮತ್ತೆ ತೊಳೆದಳು.

ಸಮಿತಿ ಸುಮ್ಮನೆ ಕೂರಲಿಲ್ಲ. ಕ್ಲಾರಿಯ ಒಂದು ತೋಟ ಪಾಲಿಗೆ ಕೊಡಲು ಖಾಲಿ ಇತ್ತು. ಅವನು ಪೇಪರಿನಲ್ಲಿ ಜಾಹೀರಾತು ಹಾಕಿಸಿದ: ಪಾಲಿಗೆ ಹಸು ಸಾಕಲು ಕುಟುಂಬ ಬೇಕಾಗಿದೆ, ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಕಡ್ಡಾಯ, ಹಸುವಿನ ಅನುಭವ ಇದ್ದರೆ ಒಳ್ಳೆಯದು. ಐದು ಮಕ್ಕಳ ತಂದೆಯೊಬ್ಬ ಬಂದ. ಊರೆಲ್ಲ ಹಬ್ಬ ಮಾಡಿತು. ಆ ಮನುಷ್ಯನಿಗೆ ಹಸುವಿನ ಹಿಂದು ಯಾವುದು ಮುಂದು ಯಾವುದು ಎನ್ನುವುದೂ ಸರಿಯಾಗಿ ಗೊತ್ತಿರಲಿಲ್ಲ. ಒದೆ ತಿಂದು ತಿಂದು, ಹದಿನೈದು ದಿನವೂ ಆಗುವ ಮುಂಚೆ ಮಕ್ಕಳನ್ನೂ ಮಡಕೆ ಕುಡಿಕೆಯನ್ನೂ ಲಾರಿಗೆ ತುಂಬಿಕೊಂಡು ಹೊರಟುಹೋದ. ಅವನನ್ನು ಉಳಿಸಿಕೊಳ್ಳಲು ಕ್ಲಾರಿ ಅವನ ಪಾಲಿನ ಹಸುಗಳನ್ನೂ ತಾನೇ ಕರೆದುಕೊಟ್ಟಿದ್ದ ಎಂದು ಆಮೇಲೆ ಗೊತ್ತಾಯಿತು.

ಬೇರೆ ಯಾರೂ ಬರಲಿಲ್ಲ.

ಒಂದು ಬೆಳಿಗ್ಗೆ ಆಲ್ಮಾ ಗೇಟು ತೆಗೆಯುತ್ತಿದ್ದಾಗ ಪಟ್ಟಣದ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ದಿನಾ ಹೋಗುವ ಬಸ್ಸೇ. ಹಿಂದಿನ ಕಿಟಕಿಯಲ್ಲಿ ದಿನಾ ಕಾಣುವ ನಾಲ್ಕು ಮುಖಗಳೇ. ಕೆಳಗೆ ಹೊಳೆಯ ತಿರುವಿನಲ್ಲಿರುವ ವಿಡರ್ಸ್ ಮನೆಯ ಮಕ್ಕಳು. ಈ ನೆಲದ ಮೂಲನಿವಾಸಿಗಳು ಅವರು. ಡೆವ್ಲಿನ್‌ಗಳೂ ಹೂಲಿಹನ್‌ಗಳೂ ಬರುವುದಕ್ಕೆ ಎಷ್ಟೋ ತಲೆಮಾರು ಮೊದಲಿಂದ ಆ ಹೊಳೆಯ ಮಗ್ಗುಲಲ್ಲಿದ್ದ ಜನ. ಅವರ ಮನೆಯಿಂದ ಕುರಾಬಿನ್ ಶಾಲೆಗೆ ಮಕ್ಕಳು ನಡೆದೇ ಬರಬಹುದು. ಪಟ್ಟಣಕ್ಕೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಒಂದು ಗಂಟೆ. ಯಾಕೆ ಎಂದು ಬಂದ ಹೊಸತರಲ್ಲಿ ಅವಳು ಕೇಳಿದ್ದಳು. ಅವರಿಗೆ ಪಟ್ಟಣವೇ ಇಷ್ಟವಂತೆ ಎಂದಿದ್ದರು. ಆಮೇಲೆ ಅವಳು ಕೇಳಿರಲಿಲ್ಲ.

ಸಂಜೆ ಕ್ಲಾರಿ ಶಾಲೆಯ ಒಲೆಗೆ ಸೌದೆ ಹಾಕಲು ಬಂದಾಗ, ವಿಡರ್ಸ್ ಮನೆಗೆ ಹೋಗಿ ಕೇಳಿದರೆ ಹೇಗೆ ಎಂದಳು. ಕ್ಲಾರಿಯ ಕೈಯಲ್ಲಿದ್ದ ಸೌದೆ ಹಾಗೇ ನಿಂತಿತು.

"ಅವ್ರು ಬರಲ್ಲ ಮಿಸ್. ಬಿಟ್ಬಿಡಿ."

"ಕೇಳಿದ್ದೀರಾ?"

"ಕೇಳೋದೇನಿದೆ," ಎಂದು ಅವನು ಬೇಲಿಯ ಕಡೆ, ಆ ಖಾಲಿ ಜಾಗದ ಕಡೆ ನೋಡಿ, ಟೋಪಿ ಹಾಕಿಕೊಂಡು ಹೊರಟುಹೋದ. ಮಾತಿಗೆ ನಿಂತರೆ ಕತ್ತಲಾಗುವವರೆಗೂ ಬಿಡದ ಮನುಷ್ಯ ಅವನು. ಆಲ್ಮಾಗೆ ಅದು ವಿಚಿತ್ರ ಅನ್ನಿಸಿತು.

ಭಾನುವಾರ ಅವಳು ತನ್ನ ಹಳೇ ಮೋರಿಸ್ ಕಾರು ಹತ್ತಿ ಹೊಳೆಯ ತಿರುವಿಗೆ ಹೋದಳು. ತಗಡಿನ ಮನೆ, ಡಬ್ಬಗಳಲ್ಲಿ ಕೆಂಪು ಜೆರೇನಿಯಂ, ಬೊಗಳಿ ಬೊಗಳಿ ಸುಸ್ತಾಗಿ ಬಾಲ ಅಲ್ಲಾಡಿಸುವ ನಾಯಿಗಳು. ಮನೆಯ ಹಿಂದೆ ಎರಡಾಳು ತಬ್ಬಿದರೂ ಸಿಕ್ಕದಷ್ಟು ದಪ್ಪದ, ಪೈನ್ ಜಾತಿಯ ಬನ್ಯಾ ಮರ. ಅದರ ನೆರಳಿನಿಂದ ಸಾಕಷ್ಟು ದೂರದಲ್ಲಿ ಕೂತು ಎಲ್ಸಿ ವಿಡರ್ಸ್ ಕೋಳಿಯ ಪುಕ್ಕ ಕೀಳುತ್ತಿದ್ದಳು. ಆ ಮಕ್ಕಳ ಅಜ್ಜಿ. ಹೊಳೆಯಾಚೆಯವರೂ ಈಚೆಯವರೂ ಆಕೆಯನ್ನು ಆಂಟಿ ಎಂದೇ ಕರೆಯುತ್ತಿದ್ದರು. ವಯಸ್ಸು ಕ್ಲಾರಿಯಷ್ಟೇ ಇದ್ದೀತು.

ಆಲ್ಮಾ ನಿಂತುಕೊಂಡೇ ವಿಷಯ ಹೇಳಿದಳು. ಎಲ್ಸಿ ಪುಕ್ಕ ಕೀಳುವುದನ್ನು ನಿಲ್ಲಿಸಲಿಲ್ಲ.

"ಇಷ್ಟು ವರ್ಷ ನಮ್ಮ ಮಕ್ಕಳು ಬೇಕಿರ್ಲಿಲ್ಲ. ಈಗ ಲೆಕ್ಕಕ್ಕೆ ಕಮ್ಮಿ ಬಿದ್ವು, ಬಂದ್ರಿ."

"ಹೌದು ಆಂಟಿ," ಎಂದಳು ಆಲ್ಮಾ. "ಕಮ್ಮಿ ಬಿದ್ವು ಅಂತಾನೇ ಬಂದೆ. ಮೊದಲೇ ಬರಬೇಕಿತ್ತು."

ಎಲ್ಸಿ ತಲೆಯೆತ್ತಿ ಅವಳನ್ನು ಸರಿಯಾಗಿ ನೋಡಿದಳು. "ಸುಳ್ಳು ಹೇಳ್ಲಿಲ್ಲ, ಪರವಾಗಿಲ್ಲ. ಕೂತ್ಕೊಳ್ಳಿ. ಆ ಕಡೆ ಬೇಡ, ಈ ಕಡೆ. ಆ ಮರದ ಕಾಯಿ ತಲೆ ಮೇಲೆ ಬಿದ್ರೆ ನಿಮ್ಮ ಶಾಲೆಗೆ ಮಿಸ್ಸೂ ಇರಲ್ಲ."

ಕೋಳಿ ಮುಗಿಯುವುದರೊಳಗೆ ಎಲ್ಸಿ ಎಲ್ಲವನ್ನೂ ಹೇಳಿದಳು. ಅವಳೂ ಅವಳ ಅಣ್ಣನೂ ಚಿಕ್ಕವರಾಗಿದ್ದಾಗ ಕುರಾಬಿನ್ ಶಾಲೆಯಲ್ಲಿ ಒಂದು ವರ್ಷ ಓದಿದ್ದರು. ಲೆನಾಕ್ಸ್ ಅಂತ ಮೇಷ್ಟ್ರಿದ್ದರು. ಉದ್ದ ಕಾಲಿನ, ಸದಾ ಮೂಗು ಸೋರುವ, ಬಲು ಒಳ್ಳೆಯ ಮನುಷ್ಯ. ಬೆಂಚಿನಲ್ಲಿ ಜಾಗ ಇದ್ದರೆ ಮಕ್ಕಳು ಕೂರಬೇಕು, ಇಷ್ಟೇ ಅವರ ಕಾನೂನು. ಎಲ್ಸಿಗೆ ಓದು ಹಿಡಿಸಿತ್ತು. ಅದಕ್ಕಿಂತ ಹೆಚ್ಚಾಗಿ ಶಾಲೆಯ ಗಂಟೆ ಹಿಡಿಸಿತ್ತು. ವಾರಕ್ಕೊಬ್ಬರಂತೆ ಮಕ್ಕಳು ಸರದಿಯಲ್ಲಿ ಗಂಟೆ ಹೊಡೆಯುತ್ತಿದ್ದರು. ಹೊಸದಾಗಿ ಸೇರಿದವರ ಸರದಿ ಕೊನೆಗೆ. ವರ್ಷವೆಲ್ಲ ಅವಳು ಆ ಹಗ್ಗವನ್ನು ನೋಡುತ್ತ ಕಾದಿದ್ದಳು.

ಅಷ್ಟರಲ್ಲಿ ಕೆಲವು ಮನೆಯವರು ಮಾತಾಡಿಕೊಂಡರು. ಈ ಎರಡು ಮಕ್ಕಳು ಇದ್ದರೆ ನಮ್ಮ ಮಕ್ಕಳನ್ನು ಕಳಿಸುವುದಿಲ್ಲ ಎಂದರು. ಆ ಕಾಲದಲ್ಲಿ ಅಷ್ಟು ಹೇಳಿದರೆ ಸಾಕಿತ್ತು. ಲೆನಾಕ್ಸ್ ಮೇಷ್ಟ್ರು ಆಗುವುದಿಲ್ಲ ಎಂದರು. ಮೇಲಿನವರು ಮೇಷ್ಟ್ರಿಗೆ ವರ್ಗ ಮಾಡಿದರು, ಮಕ್ಕಳನ್ನು ಮನೆಗೆ ಕಳಿಸಿದರು, ಎರಡೂ ಒಂದೇ ಶುಕ್ರವಾರ. ಪದ್ಧತಿಯಂತೆ ಮೇಷ್ಟ್ರು ಹೋಗುವ ಮುಂಚೆ ಗಿಡ ನೆಟ್ಟರು. ಎಲ್ಸಿಯ ಅಜ್ಜಿ ಬಡಗಣ ಬೆಟ್ಟದಿಂದ ತಂದ ಬೀಜದಿಂದ ಎಬ್ಬಿಸಿ ಅವರಿಗೆ ಕೊಟ್ಟ ಬನ್ಯಾ ಗಿಡ. ಮಾರನೇ ದಿನ ಅದು ಬೇರು ಸಮೇತ ರಸ್ತೆಯಲ್ಲಿ ಬಿದ್ದಿತ್ತು. ಆ ದಾರಿಯಲ್ಲಿ ಬರುತ್ತಿದ್ದ ಎಲ್ಸಿಯ ಅಪ್ಪ ಅದನ್ನು ಎತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ ಮನೆಗೆ ತಂದ.

"ಇದೇ ಆ ಮರ," ಎಂದಳು ಎಲ್ಸಿ, ಕತ್ತು ಹಿಂದಕ್ಕೆ ತಿರುಗಿಸದೆ. "ಆ ಸೋಮವಾರ ಗಂಟೆ ನನ್ನದಿತ್ತು."

ಆಲ್ಮಾಗೆ ಕಣ್ಣು ತುಂಬಿ ಬಂತು. ಬರಗಾಲದಲ್ಲಿ ಒಣಗಿತು ಎಂದು ಅವಳೇ ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟಿದ್ದಳು. ಗಿಡ ಕಿತ್ತವರು ಯಾರು ಎಂದು ಕೇಳಿದಳು. ಕ್ಲಾರಿಯನ್ನು ಕೇಳಿ, ಅವನಿಗೆ ನೆನಪಿರುತ್ತದೆ, ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು ಎಂದಷ್ಟೇ ಎಲ್ಸಿ ಹೇಳಿದಳು. ಆಮೇಲೆ ಕೋಳಿಯನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು ತನ್ನ ಷರತ್ತು ಹೇಳಿದಳು.

"ಮರದ ಬುಡದಲ್ಲಿ ಮರಿಗಳು ಬೇಕಾದಷ್ಟು ಎದ್ದಿವೆ. ಒಂದು ಕೊಡ್ತೀನಿ. ಆದ್ರೆ ನೀವು ನೆಡೋ ಹಾಗಿಲ್ಲ. ನೀವು ಕಿತ್ತವರಲ್ಲ. ಕಿತ್ತವರು ನೆಡ್ಲಿ, ಊರಿನವರ ಎದುರಿಗೆ. ಅವತ್ತಿಂದ ಮಕ್ಕಳು ನಿಮ್ಮ ಶಾಲೆಗೆ."

ಬರುವ ಶನಿವಾರ ಸಮಿತಿಯ ಸಭೆ ಇದೆ, ಬನ್ನಿ ಎಂದು ಆಲ್ಮಾ ಕರೆದಳು. ಬರುತ್ತೇನೆ, ಗೇಟಿನ ಹೊರಗೆ ಇರುತ್ತೇನೆ, ಒಳಗೆ ಬರುವುದು ಬಿಡುವುದು ನಿಮ್ಮವರ ಕೈಯಲ್ಲಿದೆ ಎಂದಳು ಎಲ್ಸಿ.

ಈಗ ಕ್ಲಾರಿಯನ್ನು ಹಿಡಿಯಬೇಕಿತ್ತು. ಸೋಮವಾರ ಅವಳು ಅವನ ಮನೆಗೆ ಹೋದಾಗ ಹಸು ಕರು ಹಾಕುತ್ತಿದೆ ಎಂದು ಹಿಂಬಾಗಿಲಿಂದ ಓಡಿದ. ಮಂಗಳವಾರ ಹೋದಾಗ ಇನ್ನೊಂದು ಹಸು ಕರು ಹಾಕುತ್ತಿತ್ತು. ಆ ವಾರ ಕ್ಲಾರಿ ಹೇಳಿದ್ದನ್ನೆಲ್ಲ ನಂಬಿದರೆ ಅವನ ಕೊಟ್ಟಿಗೆಯ ಹೋರಿಯೂ ಕರು ಹಾಕಿರಬೇಕು. ಅವನ ಹೆಂಡತಿ ಡಲ್ಸಿಗೂ ಗಂಡನಿಗೆ ಏನಾಗಿದೆ ಎಂದು ತಿಳಿಯಲಿಲ್ಲ. ಆಲ್ಮಾಗೆ ರೇಗಿತು. ಬುಧವಾರ ಶಾಲೆ ಬಿಟ್ಟ ಮೇಲೆ ಗುದ್ದಲಿ ತೆಗೆದುಕೊಂಡು ಹೋಗಿ ಸಿಲ್ವರ್ ಓಕಿಗೂ ನಿಂಬೆಗೂ ನಡುವೆ ಗುಂಡಿ ತೋಡಿದಳು. ನಾನು ಕೇಳಿದರೆ ಓಡುತ್ತಾನೆ, ಗುಂಡಿ ಕೇಳಿದರೆ ಎಲ್ಲಿಗೆ ಓಡುತ್ತಾನೆ ನೋಡೋಣ ಅಂದುಕೊಂಡಳು.

ಕ್ಲಾರಿ ನೋಡುವ ಮುಂಚೆ ಗುಂಡಿಯನ್ನು ನೋಡಿದವನು ಕೆನೆ ಲಾರಿಯ ನಾಬಿ. ಮನೆಮನೆಯಿಂದ ಕೆನೆಯ ಕ್ಯಾನುಗಳನ್ನು ಎತ್ತಿಕೊಂಡು ಡೈರಿಗೆ ಸಾಗಿಸುವುದು ಅವನ ಕೆಲಸ. ಸುದ್ದಿ ಸಾಗಿಸುವುದಕ್ಕೆ ಅವನಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ, ಆದರೂ ಅದನ್ನೇ ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದ. ಕುರಾಬಿನ್‌ನಲ್ಲಿ ಮಿಸ್ ಗುಂಡಿ ತೋಡಿದರೆ ಅದಕ್ಕೆ ಒಂದೇ ಅರ್ಥ. ನಾಬಿ ಲಾರಿ ನಿಲ್ಲಿಸಿ, ಟೋಪಿ ತೆಗೆದು ಎದೆಗಿಟ್ಟುಕೊಂಡು ಒಂದು ನಿಮಿಷ ನಿಂತು, ಆಮೇಲೆ ಮೊದಲು ಸಿಕ್ಕ ಮನೆಗೆ ಲಾರಿ ಓಡಿಸಿದ. ಕಣಿವೆಯ ಮನೆಗಳಿಗೆಲ್ಲ ಒಂದೇ ತಂತಿಯ ಫೋನು, ಒಬ್ಬರು ಎತ್ತಿದರೆ ಎಲ್ಲರಿಗೂ ಕೇಳುತ್ತದೆ. ಶಾಲೆಗೆ ಮಾತ್ರ ಫೋನಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಿಸ್ ಹೋಗುತ್ತಾರೆ ಎನ್ನುವುದು ಮಿಸ್ಸಿಗೆ ಬಿಟ್ಟು ಉಳಿದವರಿಗೆಲ್ಲ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳಲು ಅವರಿಗೆ ಸಂಕಟವಾಗುತ್ತಿರಬೇಕು, ನಾವೂ ಕೇಳುವುದು ಬೇಡ, ಶನಿವಾರ ಸಭೆಯ ಹೆಸರಲ್ಲಿ ದೊಡ್ಡದಾಗಿ ಬೀಳ್ಕೊಡುಗೆ ಮಾಡೋಣ ಎಂದು ತೀರ್ಮಾನವಾಯಿತು.

ಆಲ್ಮಾಗೆ ಆ ಎರಡು ದಿನ ಒಂದೂ ಅರ್ಥವಾಗಲಿಲ್ಲ. ಅಂಗಡಿಯಲ್ಲಿ ಡಲ್ಸಿ ಸುಮ್ಮಸುಮ್ಮನೆ ತಬ್ಬಿಕೊಂಡು ಮೂಗು ಒರೆಸಿಕೊಂಡಳು. ಹೂಲಿಹನ್ ಅವಳಿಗಳು ಹೇಳದೆಯೇ ಕರಿಹಲಗೆ ಒರೆಸಿದರು, ಅದು ಆ ಶಾಲೆಯ ಚರಿತ್ರೆಯಲ್ಲೇ ನಡೆದಿರಲಿಲ್ಲ. ಒಬ್ಬ ಹುಡುಗಿ ಮೇಜಿನ ಮೇಲೆ ಒಂದು ಎಲೆಕೋಸು ಇಟ್ಟು ಅಳುತ್ತ ಓಡಿಹೋದಳು. ಪಾಪ, ಶಾಲೆ ಮುಚ್ಚುತ್ತದೆ ಎನ್ನುವ ದುಃಖ ಎಂದು ಆಲ್ಮಾ ಎಲೆಕೋಸನ್ನು ಮನೆಗೆ ಒಯ್ದು ಬೇಯಿಸಿದಳು.

ಶನಿವಾರ ಮಧ್ಯಾಹ್ನ ಅವಳು ಶಾಲೆಯ ಪಕ್ಕದ ಊರ ಹಾಲ್‌ಗೆ ಹೋದಾಗ ಒಳಗೆ ಬಣ್ಣದ ಕಾಗದದ ಮಾಲೆಗಳಿದ್ದವು. ಉದ್ದ ಮೇಜಿನ ತುಂಬ ಕೇಕುಗಳು, ಸ್ಯಾಂಡ್‌ವಿಚ್ಚುಗಳು. ಅಜ್ಜ ಅಜ್ಜಿಯರಿಂದ ಹಿಡಿದು ಕಂಕುಳ ಕೂಸಿನವರೆಗೆ ಇಡೀ ಕಣಿವೆ ಅಲ್ಲಿತ್ತು. ಅವಳನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ತೊಡೆಯ ಮೇಲೆ ಒಂದು ದೊಡ್ಡ ಗಡಿಯಾರ ಇಟ್ಟರು. ಮದುವೆಯ ಸೂಟು ಬಿಗಿದುಕೊಂಡ ಕ್ಲಾರಿ ವೇದಿಕೆ ಹತ್ತಿದ.

"ಮಿಸ್, ಪ್ರತಿ ವರ್ಷ ಗುದ್ದಲಿ ತರ್ಲಾ ಅಂತ ಕೇಳ್ತಿದ್ದೆ," ಎಂದು ಶುರು ಮಾಡಿದ. "ಒಂದಿನಾನೂ ಮನಸ್ಸಿಟ್ಟು ಕೇಳಿರ್ಲಿಲ್ಲ. ನೀವು ಅದನ್ನ ನಿಜ ಅಂದ್ಕೊಂಡ್ರೇನೋ ಅಂತ…" ಆರಡಿ ಆಳು ಎಲ್ಲರೆದುರು ಕರವಸ್ತ್ರ ಹುಡುಕತೊಡಗಿದ.

ಆಗ ಆಲ್ಮಾಗೆ ಎಲ್ಲ ತಿಳಿಯಿತು, ಎಲೆಕೋಸು ಸಮೇತ. ನಗು ಬಂತು, ಅದರ ಬೆನ್ನಿಗೆ ಅಳುವೂ ಬಂತು. ಇಷ್ಟು ಪ್ರೀತಿಯ ಜನ ಎಂದುಕೊಂಡಳು. ಎರಡು ಮಕ್ಕಳ ಮೇಲೆ ಬಾಗಿಲು ಹಾಕಿದವರ ಮನೆಯವರೂ ಇವರೇ ಎಂದೂ ಅನ್ನಿಸಿತು. ಎರಡೂ ನಿಜವಾಗಿತ್ತು, ಅದೇ ಅವಳಿಗೆ ಕಷ್ಟವಾಗಿದ್ದು. ಕಿಟಕಿಯಾಚೆ ಒಂದು ಹಳೆಯ ಲಾರಿ ಬಂದು ಶಾಲೆಯ ಗೇಟಿನ ಹೊರಗೆ ನಿಂತಿತು. ಚಾಲಕನ ಜಾಗದಲ್ಲಿ ಎಲ್ಸಿಯ ಮಗ ಮರ್ವಿನ್, ಪಕ್ಕದಲ್ಲಿ ಹ್ಯಾಟು ಹಾಕಿಕೊಂಡು ನೆಟ್ಟಗೆ ಕೂತ ಎಲ್ಸಿ, ಹಿಂದೆ ನಾಲ್ಕು ಮಕ್ಕಳು. ಯಾರೂ ಇಳಿಯಲಿಲ್ಲ.

ಆಲ್ಮಾ ಗಡಿಯಾರವನ್ನು ಡಲ್ಸಿಯ ಕೈಗೆ ಕೊಟ್ಟು ಎದ್ದು ನಿಂತಳು.

"ನಾನು ಎಲ್ಲಿಗೂ ಹೋಗ್ತಾ ಇಲ್ಲ," ಎಂದಳು. "ಆ ಗುಂಡಿ ನನ್ನದಲ್ಲ."

ಹಾಲ್ ತುಂಬ ಗುಜುಗುಜು ಎದ್ದಿತು. ಎಲ್ಲರೂ ತಿರುಗಿ ನಾಬಿಯನ್ನು ನೋಡಿದರು. ಅವನು ಸ್ಯಾಂಡ್‌ವಿಚ್ ಬಾಯಿಗಿಟ್ಟುಕೊಂಡು ಚಾವಣಿ ನೋಡತೊಡಗಿದ. ಹಾಗಾದರೆ ಅದು ಯಾರ ಗುಂಡಿ ಎಂದು ಯಾರೋ ಹಿಂದಿನಿಂದ ಕೇಳಿದರು. ಅದನ್ನು ಹೇಳುವುದು ಆಲ್ಮಾಳ ಕೆಲಸವಾಗಿರಲಿಲ್ಲ. ಅವಳು ಕ್ಲಾರಿಯನ್ನೇ ನೋಡುತ್ತ ನಿಂತಳು. ಈಗ ಇವನು ಹಸುವಿನ ನೆಪ ಹೇಳಿದರೆ ಶಾಲೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು.

ಕ್ಲಾರಿ ಕಿಟಕಿಯಾಚೆಯ ಲಾರಿಯನ್ನು ನೋಡಿದ.

"ಲೆನಾಕ್ಸ್ ಮೇಷ್ಟ್ರದು," ಎಂದ. ಆಮೇಲೆ ಕರವಸ್ತ್ರವನ್ನು ಜೇಬಿಗೆ ತುರುಕಿ, ಭಾಷಣದ ದನಿ ಬಿಟ್ಟು ಹೇಳಿದ. "ಅದು ಬರಗಾಲದಲ್ಲಿ ಒಣಗಲಿಲ್ಲ. ಇಲ್ಲಿ ವಯಸ್ಸಾದವರಿಗೆಲ್ಲ ಗೊತ್ತು. ನಮ್ಮಪ್ಪ ಕೀಳು ಅಂದ, ನಾನು ಕಿತ್ತೆ. ನನಗೆ ಹತ್ತು ವರ್ಷ. ಅಪ್ಪನಿಗೆ ಹೆದರಿ ಕಿತ್ತೆ ಅಂತ ಹೇಳಬಹುದು. ಹೆದರಿಕೆ ಇತ್ತು, ಆದ್ರೆ ಖುಷಿಯಾಗೂ ಇತ್ತು, ಅಪ್ಪ ಬೆನ್ನು ತಟ್ಟಿದ್ದಕ್ಕೆ."

ಮುದುಕಿಯೊಬ್ಬಳು ತನ್ನ ಕೈಗವಸುಗಳನ್ನು ಬಿಚ್ಚಿ ಮತ್ತೆ ಹಾಕಿಕೊಂಡಳು. ಕ್ಲಾರಿ ವೇದಿಕೆ ಇಳಿದು, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದ. ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಹೊರಟರು, ಎಲ್ಲರಿಗಿಂತ ಹಿಂದೆ ಗಡಿಯಾರ ಹೊತ್ತ ಡಲ್ಸಿ.

ಲಾರಿಯ ಕಿಟಕಿಯ ಹತ್ತಿರ ಕ್ಲಾರಿ ಟೋಪಿ ತೆಗೆದು ನಿಂತ.

"ಎಲ್ಸಿ."

"ಹೇಳೋ ಕ್ಲಾರಿ."

"ಗಿಡ ಇದ್ರೆ ಕೊಡು. ನಾನು ಕಿತ್ತಿದ್ದು, ನಾನೇ ನೆಡ್ತೀನಿ."

ಎಲ್ಸಿಯ ಕಾಲ ಬಳಿ ಜಾಮಿನ ಡಬ್ಬದಲ್ಲಿ ಒಂದು ಮೊಳದ ಬನ್ಯಾ ಗಿಡ ಇತ್ತು. ಅವಳು ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು, ಕೊಡಲಿಲ್ಲ. "ಮತ್ತೆ ಕೀಳೋ ಹಾಗಿದ್ರೆ ಈಗಲೇ ಹೇಳ್ಬಿಡು. ಅಪ್ಪ ಹೊತ್ಕೊಂಡು ಹೋದ ಹಾಗೆ ಹೊತ್ಕೊಂಡು ಹೋಗೋಕೆ ನನ್ನ ಮಂಡಿಗೆ ಆಗಲ್ಲ."

"ಕೀಳಲ್ಲ," ಎಂದ ಕ್ಲಾರಿ. "ತಪ್ಪಾಯ್ತು ಎಲ್ಸಿ. ಬಹಳ ತಪ್ಪಾಯ್ತು." ಅವಳು ಅದಕ್ಕೆ ಆಯಿತು ಅನ್ನಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಡಬ್ಬವನ್ನು ಅವನ ಕೈಗೆ ಕೊಟ್ಟು, ಮರ್ವಿನ್‌ಗೆ ಬಾಗಿಲು ತೆಗೆಯಲು ಹೇಳಿದಳು.

ಕ್ಲಾರಿ ಮದುವೆಯ ಸೂಟಿನಲ್ಲೇ ಮಂಡಿಯೂರಿ ಗಿಡ ನೆಟ್ಟ. ಮಣ್ಣು ಅದುಮಿದ. ಮಕ್ಕಳು ಕೆನೆಯ ಕ್ಯಾನಿನಲ್ಲಿ ನೀರು ತಂದು ಗಿಡಕ್ಕಿಂತ ಹೆಚ್ಚಾಗಿ ಅವನ ಪ್ಯಾಂಟಿಗೆ ಸುರಿದರು. ಎಲ್ಸಿ ಸುತ್ತಮುತ್ತ ಕಣ್ಣಾಡಿಸಿ, ಆಲ್ಮಾಗೆ ಮಾತ್ರ ಕೇಳುವಂತೆ ಹೇಳಿದಳು. "ಲೆನಾಕ್ಸ್ ಮೇಷ್ಟ್ರಿಗೂ ಗೊತ್ತಾಗ್ಲಿಲ್ಲ, ನಿಮಗೂ ಗೊತ್ತಾಗ್ಲಿಲ್ಲ. ಇದು ಹುಡುಗೀರು ಕಕ್ಕಸಿಗೆ ಹೋಗೋ ದಾರಿ. ಮರ ದೊಡ್ಡದಾದಾಗ ಹಲಸಿನಕಾಯಿ ಗಾತ್ರದ ಕಾಯಿ ಬೀಳತ್ತೆ. ಯಾರದಾದ್ರೂ ತಲೆ ಒಡೆಯತ್ತೆ ಮಿಸ್."

"ಅದು ಕಾಯಿ ಬಿಡೋಕೆ ಎಷ್ಟು ವರ್ಷ ಬೇಕು ಆಂಟಿ?"

"ಏನಿಲ್ಲಾಂದ್ರೂ ಇಪ್ಪತ್ತು."

"ಒಡೆಯೋಕೆ ಅಂತಾದ್ರೂ ಆಗ ಇಲ್ಲಿ ಮಕ್ಕಳ ತಲೆ ಇರ್ಲಿ," ಎಂದಳು ಆಲ್ಮಾ. ಎಲ್ಸಿ ಅವತ್ತು ಮೊದಲ ಸಲ ನಕ್ಕಳು. ಬೀಳ್ಕೊಡುಗೆಯ ಕೇಕನ್ನು ಡಲ್ಸಿ ಮರದ ಸಾಲಿನ ಕೆಳಗೇ ಕೊಯ್ದು ಹಂಚಿದಳು. ಕೇಕಿನ ಮೇಲೆ ಹೋಗಿ ಬನ್ನಿ ಎಂದು ಬರೆದಿದ್ದದ್ದನ್ನು ಅವಳು ಚಾಕುವಿನಿಂದ ಸವರಿ ಅಳಿಸಿದ್ದಳು.

ಹೊರಡುವಾಗ ಕ್ಲಾರಿ ಮತ್ತೆ ಲಾರಿಯ ಹತ್ತಿರ ಬಂದ. ಅವನಿಗೆ ಇನ್ನೊಂದು ಮಾತು ಹೇಳುವುದಿತ್ತು. ಅದನ್ನು ನೆಲ ನೋಡುತ್ತ ಹೇಳಿದ.

"ಆ ಸೋಮವಾರ ಗಂಟೆ ನಿನ್ನದಿತ್ತು. ಹೊಸ ಮಿಸ್ ಯಾರ ಸರದಿ ಅಂತ ಕೇಳಿದ್ರು. ನಾನು ಕೈ ಎತ್ತಿದೆ. ವಾರವೆಲ್ಲ ನಾನೇ ಹೊಡೆದೆ."

"ಗೊತ್ತು," ಎಂದಳು ಎಲ್ಸಿ. "ಗಾಳಿ ನಮ್ಮ ಕಡೆ ಬೀಸಿದ್ರೆ ನಮ್ಮನೇವರೆಗೂ ಕೇಳತ್ತೆ."

ಸೋಮವಾರ ಬೆಳಿಗ್ಗೆ ಪಟ್ಟಣದ ಬಸ್ಸು ಶಾಲೆಯ ಮುಂದೆ ಹಾದುಹೋದಾಗ ಅದರ ಹಿಂದಿನ ಕಿಟಕಿ ಖಾಲಿ ಇತ್ತು. ನಾಲ್ಕು ಮಕ್ಕಳೂ ಹೊಳೆಯ ದಾರಿಯಲ್ಲಿ ನಡೆದು ಬಂದರು. ಕಿರಿಯವಳಾದ ನೋಲಾಳ ಕೈ ಹಿಡಿದುಕೊಂಡು ಎಲ್ಸಿಯೂ ಬಂದಳು. ಕ್ಲಾರಿ ಹಾಲು ಕರೆದ ಬೂಟಿನಲ್ಲೇ ಬಂದು ಗಂಟೆಯ ಕಂಬದ ಹತ್ತಿರ ನಿಂತಿದ್ದ. ಆ ವಾರದ ಸರದಿ ಹೂಲಿಹನ್ ಅವಳಿಗಳಲ್ಲಿ ಒಬ್ಬನದು. ಅವನಿಗೆ ಏನು ಹೇಳಿದ್ದನೋ, ಹುಡುಗ ಹಗ್ಗ ಬಿಟ್ಟು ಪಕ್ಕಕ್ಕೆ ಸರಿದ. ಕ್ಲಾರಿ ಹಗ್ಗದ ತುದಿ ಹಿಡಿದು ಎಲ್ಸಿಯ ಕಡೆ ಚಾಚಿದ.

"ನಿನ್ನ ವಾರ," ಎಂದ.

ಎಲ್ಸಿ ಕೈಚೀಲವನ್ನು ನೋಲಾಗೆ ಕೊಟ್ಟಳು. ಹ್ಯಾಟನ್ನೂ ತೆಗೆದು ಅವಳ ತಲೆಯ ಮೇಲಿಟ್ಟಳು, ಅದು ಹುಡುಗಿಯ ಮೂಗಿನವರೆಗೂ ಇಳಿಯಿತು. ಆಮೇಲೆ ಎರಡೂ ಕೈಯಲ್ಲಿ ಹಗ್ಗ ಹಿಡಿದು ಎಳೆದಳು. ಮೊದಲನೇ ಎಳೆತಕ್ಕೆ ಗಂಟೆ ಸರಿಯಾಗಿ ನುಡಿಯಲಿಲ್ಲ. ಎರಡನೆಯದಕ್ಕೆ ನುಡಿಯಿತು. ಮಕ್ಕಳು ಓಡಿ ಬಂದು ಸಾಲು ನಿಂತರು, ಕೋಟಿನ ಗುಂಡಿ ಹಾಕಿಕೊಂಡರು, ಒಬ್ಬರನ್ನೊಬ್ಬರು ತಳ್ಳುವುದನ್ನೂ ನಿಲ್ಲಿಸಿದರು. ಗಂಟೆ ಇನ್ನೂ ಹೊಡೆಯುತ್ತಲೇ ಇತ್ತು. ಎದುರು ದಿಬ್ಬದ ಮೇಲೆ ನಾಬಿ ಲಾರಿ ನಿಲ್ಲಿಸಿ ಎಲ್ಲಿ ಬೆಂಕಿ ಬಿತ್ತೋ ಎಂದು ಇಣುಕಿ ನೋಡಿದ. ಆಲ್ಮಾ ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದಳು. ಪಾಠಕ್ಕೆ ತಡವಾಗುತ್ತಿತ್ತು. ಸಾಕು ಎಂದು ಅವಳು ಹೇಳಲಿಲ್ಲ.